ಜಿಪ್ಸಿಗೆ ದೊಡ್ಡ ಕಾರ್ಬೋರೇಟರ್ ಹಾಕಿಸುವ ಮುಂಚೆ ಇದನ್ನು ಓದಿ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆ ಜಿಪ್ಸಿ ತಗೊಂಡು ಇಂಜಿನ್ ಮಾಡಿಸುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರ್ಬೋರೇಟರ್ ಅಂದರೆ ಇಂಜಿನ್‌ಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ. "ಇಷ್ಟೆಲ್ಲ ಖರ್ಚು ಮಾಡಿದ್ದೀರಿ, ಕಾರ್ಬೋರೇಟರ್ ಮಾತ್ರ ಸಣ್ಣದಾ ಅಣ್ಣಾ?" ಅಂತ ಗ್ಯಾರೇಜಿನವರು ಕೇಳಿದರೆ ಹುಷಾರಾಗಿರಿ.

ನನ್ನದು 1298 ಸಿಸಿ ಇಂಜಿನ್. ಹೊಸ ಪಿಸ್ಟನ್, ಹೆಡ್ ಪೋರ್ಟಿಂಗ್, ಬೇರೆ ಕ್ಯಾಮ್, ಎಲ್ಲಾ ಚೆನ್ನಾಗೇ ಆಗಿತ್ತು. ನಾನು ಕೇಳಿದ್ದು ವೆಬರ್ ಕಂಪನಿಯ 32/36 ಕಾರ್ಬೋರೇಟರ್. ಗಾಡಿ ತರೋಕೆ ಹೋದಾಗ ಮೇಲೆ ಕೂತಿದ್ದು 38. ಯಾಕ್ರೀ ಅಂದರೆ, "ಇದು ಅದಕ್ಕಿಂತ ದೊಡ್ಡದು, ಪವರ್ ಜಾಸ್ತಿ ಬರುತ್ತೆ" ಅಂದರು.

ಇವೆರಡಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. 32/36ರಲ್ಲಿ ಮೊದಲು 32 ಮಿ.ಮೀ. ಬಾಯಿ ತೆರೆಯುತ್ತದೆ, ಕಾಲು ಜಾಸ್ತಿ ಒತ್ತಿದ ಮೇಲೆ 36ರದ್ದು. 38ರಲ್ಲಿ 38 ಮಿ.ಮೀ.ನ ಎರಡೂ ಬಾಯಿ ಒಟ್ಟಿಗೇ ತೆರೆಯುತ್ತವೆ. ಕಡಿಮೆ ಆರ್‌ಪಿಎಂನಲ್ಲಿ ಸಣ್ಣ ಇಂಜಿನ್ ಎಳೆಯುವ ಗಾಳಿಯೇ ಸ್ವಲ್ಪ. ಅದು ಅಗಲ ಬಾಯಿಯಲ್ಲಿ ನಿಧಾನವಾಗಿ ಹೋದರೆ ಜೆಟ್‌ನಿಂದ (ಪೆಟ್ರೋಲ್ ಬರುವ ಸಣ್ಣ ತೂತು) ಪೆಟ್ರೋಲ್ ಎಳೆಯುವ ಸೆಳೆತ ಹುಟ್ಟುವುದಿಲ್ಲ. ಬಂದಷ್ಟೂ ಮಂಜಿನ ಹಾಗೆ ಒಡೆಯದೆ ಹನಿಯಾಗಿ ಮ್ಯಾನಿಫೋಲ್ಡ್ (ಕಾರ್ಬೋರೇಟರ್‌ನಿಂದ ಇಂಜಿನ್‌ಗೆ ಹೋಗುವ ಕೊಳವೆ) ಗೋಡೆಗೆ ಅಂಟುತ್ತದೆ.

ಗಾಡಿಯಲ್ಲಿ ಆಗಿದ್ದೂ ಅದೇ. ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಸತ್ತಂತಾಗಿ ಆಮೇಲೆ ಎಗರುತ್ತಿತ್ತು. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಸೆಕೆಂಡ್ ಗೇರ್‌ನಲ್ಲೂ ಮಿಸ್ಸಿಂಗ್. ದೂರು ಕೊಟ್ಟಾಗಲೆಲ್ಲ ಜೆಟ್ ಬದಲಿಸಿದರು, ಪ್ರತಿ ಸಲ ದುಡ್ಡು ತಗೊಂಡರು. ಆಮೇಲೆ ಆಕ್ಸಿಲರೇಟರ್ ಪಂಪಿನಿಂದ, ಅಂದರೆ ಕಾಲು ಒತ್ತಿದ ಕೂಡಲೇ ಪೆಟ್ರೋಲ್ ಚಿಮ್ಮಿಸುವ ಪಂಪಿನಿಂದ, ಜಾಸ್ತಿ ಪೆಟ್ರೋಲ್ ಚಿಮ್ಮುವ ಹಾಗೆ ಮಾಡಿದರು. ಹಿಂಜರಿಕೆ ಮುಚ್ಚಿಹೋಯಿತು, ಕಪ್ಪು ಹೊಗೆ ಶುರುವಾಯಿತು. ಪ್ಲಗ್ ಮಸಿ. ಕೊನೆಗೆ ಆಯಿಲ್ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ! ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದಿತ್ತು. ಹೊಸ ರಿಂಗ್‌ಗಳು ಸವೆದುಹೋದವು. ಕಾರ್ಬೋರೇಟರ್ ಕಂಪನಿಯದೇನೂ ತಪ್ಪಿಲ್ಲ, ಬೇರೆ ದೊಡ್ಡ ಇಂಜಿನ್ ಮೇಲೆ ಅದೇ 38 ಚೆನ್ನಾಗಿ ಓಡಬಹುದು.

ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ಲೆಕ್ಕ ಹಾಕಿ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆಯುತ್ತದೆ. ಅಂದರೆ ಒಂದು ಸುತ್ತಿಗೆ 1298ರಲ್ಲಿ ಅರ್ಧ, 649 ಸಿಸಿ. 6000 ಆರ್‌ಪಿಎಂಗೆ ನಿಮಿಷಕ್ಕೆ ಸುಮಾರು 3900 ಲೀಟರ್. ಸಿಲಿಂಡರ್ ನೂರಕ್ಕೆ ನೂರು ತುಂಬುವುದಿಲ್ಲ, 85 ಅಂತ ಹಿಡಿಯಿರಿ. ಒಂದು ಘನ ಅಡಿ ಅಂದರೆ 28.3 ಲೀಟರ್, ಅದರಿಂದ ಭಾಗಿಸಿದರೆ 117 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವ ಅಳತೆ) ಆಸುಪಾಸು. ಅಷ್ಟೇ! ಇದಕ್ಕೆ 500 ಸಿಎಫ್‌ಎಂನ ಕಾರ್ಬೋರೇಟರ್ ತೋರಿಸಿದರೆ ನಗು ಬರಲ್ವಾ? 8000 ಆರ್‌ಪಿಎಂ ಹಿಡಿದು ಲೆಕ್ಕ ಹೇಳುವವರೂ ಇದ್ದಾರೆ. ನಮ್ಮ ಗಾಡಿ ಎನ್‌ಎಚ್-48ರಲ್ಲೇ ಬಹುಪಾಲು 3000ದ ಆಚೀಚೆ ಓಡುತ್ತದೆ.

ಇನ್ನೊಂದು ಮೋಸ. ಎರಡು ಬಾಯಿಯ ಕಾರ್ಬೋರೇಟರ್‌ಗಳ ಸಿಎಫ್‌ಎಂ ಅಳೆಯುವುದು 3 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ, ನಾಲ್ಕು ಬಾಯಿಯವನ್ನು 1.5 ಇಂಚಿನಲ್ಲಿ. ಹಾಗಾಗಿ ಎರಡರ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಎರಡು ಬಾಯಿಯದ್ದನ್ನು ಮೊದಲು 1.41ರಿಂದ ಭಾಗಿಸಿ. 500 ಅಂತ ಬರೆದಿದ್ದು ಸುಮಾರು 355 ಆಗುತ್ತದೆ.

ಹಾಕಿರುವುದು ನಿಜವಾಗಲೂ ಸಣ್ಣದಾ ಅಂತ ಅನುಮಾನ ಇದ್ದರೆ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ (ಒಳಗಿನ ಗಾಳಿಯ ಸೆಳೆತ ಅಳೆಯುವ ಮೀಟರ್) ಸಿಕ್ಕಿಸಿ. ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ತುದಿಗೆ ಹೋದಾಗ ಮುಳ್ಳು ಸೊನ್ನೆ ಹತ್ತಿರವೇ ಇದ್ದರೆ ಇಂಜಿನ್‌ಗೆ ಗಾಳಿಯ ಕೊರತೆ ಇಲ್ಲ. ದೊಡ್ಡದು ಹಾಕಿದರೆ ಏನೂ ಸಿಗುವುದಿಲ್ಲ. ನನ್ನ ಗ್ಯಾರೇಜಿನಲ್ಲಿ ಈ ಗೇಜೇ ಇರಲಿಲ್ಲ.

ಈಗ ಹರಿಹರದ ಒಬ್ಬ ಮೇಸ್ತ್ರಿ ಹತ್ತಿರ ರಿಂಗ್ ಬದಲಿಸಿ 32/36 ಹಾಕಿಸಿದ್ದೇನೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು. ಅದಕ್ಕೆ ಜೆಟ್ ಸ್ವಲ್ಪ ಸಣ್ಣದಿಟ್ಟರು. ಪಿಕಪ್ ಬಂದಿದೆ. ಮೊದಲಿನ ಗ್ಯಾರೇಜಿನವರು 38 ವಾಪಸ್ ತಗೊಳ್ಳಲಿಲ್ಲ, ಬಿಲ್ಲೂ ಕೊಟ್ಟಿರಲಿಲ್ಲ. ನೀವು ಕೆಲಸ ಒಪ್ಪಿಸುವಾಗ ಕಾರ್ಬೋರೇಟರ್ ಮಾಡೆಲ್, ವೆಂಚುರಿ (ಬಾಯಿಯೊಳಗಿನ ಕಿರಿದಾದ ಭಾಗ) ಅಳತೆ, ಜೆಟ್ ನಂಬರ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕಂಪನಿಯ ಹಳೆ ಕಾರ್ಬೋರೇಟರ್ ಅಲ್ಲೇ ಬಿಟ್ಟು ಬರಬೇಡಿ.