ಚಪಲ್ ಹಡಗು: ತಲೆ ಜೋಪಾನ

ಮಗಳ ಜೊತೆ ಶಿರಸಿಯಿಂದ ಕಾರವಾರಕ್ಕೆ ಹೋಗಿದ್ದೆ. ಟಾಗೋರ್ ಬೀಚಿನಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ಮ್ಯೂಸಿಯಂ ಅನ್ನು ಹೊರಗಿಂದ ಎಷ್ಟೋ ಸಲ ನೋಡಿದ್ದೇನೆ. ಹತ್ತಿದ್ದು ಇದೇ ಮೊದಲು. ಉದ್ದ 40 ಮೀಟರೂ ಇಲ್ಲ. ಒಳಗಿನ ಬಾಗಿಲು ಗಿಡ್ಡ, ನಾನು ಉದ್ದ. ಎರಡು ಸಲ ತಲೆ ಬಡಿಯಿತು. ಮೇಲೆ ಕ್ಷಿಪಣಿ ಇಡುವ ನಾಲ್ಕು ದೊಡ್ಡ ಗೂಡುಗಳು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವನು. 1971ರಲ್ಲಿ ಕರಾಚಿಗೆ ಬೆಂಕಿ ಇಟ್ಟಿದ್ದು ಇದೇ ಹಡಗು ಅಂತ ಪ್ರವಾಸದ ಬಸ್ಸಿನಿಂದ ಕೈ ತೋರಿಸಿ ಮಕ್ಕಳಿಗೆ ಹೇಳುತ್ತಿದ್ದೆ. ಮಗಳು ಐಎಎಸ್‌ಗೆ ಓದುತ್ತಿದ್ದಾಳೆ. "ಅಪ್ಪಾ, ಇದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋಗಿದ್ದು ನಿಪಾತ್, ನಿರ್ಘಾತ್, ವೀರ್" ಅಂದಳು. ನಾನು ಕ್ಷಿಪಣಿ ಗೂಡು ನೋಡುತ್ತಾ ನಿಂತೆ.

ಚಪಲ್ ಸೋವಿಯತ್ ಹಡಗು. ಅಮೆರಿಕ, ಸೋವಿಯತ್ ಯಾವ ಗುಂಪಿಗೂ ಸೇರೋದಿಲ್ಲ ಅಂದ ನಮ್ಮ ದೇಶ ಅದನ್ನೇ ಕೊಂಡಿದ್ದು ಯಾಕೆ? ಅವಳ ಪ್ರಕಾರ ಲೆಕ್ಕಾಚಾರ ಅಷ್ಟೇ. ಪಾಕಿಸ್ತಾನಕ್ಕೆ ಅಮೆರಿಕ ಶಸ್ತ್ರ ಕೊಡುತ್ತಿತ್ತು, ಸೋವಿಯತ್ ನಮ್ಮಿಂದ ಡಾಲರ್ ಬದಲು ರೂಪಾಯಿ ತೆಗೆದುಕೊಳ್ಳುತ್ತಿತ್ತು. ಸರಿಯೇ. ಆದರೆ ಇಲ್ಲಿಗೆ ಹತ್ತಿರದಲ್ಲೇ ಅಂಜುದೀವ ದ್ವೀಪ ಇದೆ. 1961ರ ಡಿಸೆಂಬರ್ ತನಕ ಗೋವಾದಂತೆ ಅಲ್ಲೂ ಪೋರ್ಚುಗೀಸರಿದ್ದರು. ನಮ್ಮ ಸೈನ್ಯ ಗೋವಾಕ್ಕೆ ನುಗ್ಗಿದಾಗ ಅಮೆರಿಕ, ಬ್ರಿಟನ್ ಭದ್ರತಾ ಮಂಡಳಿಯಲ್ಲಿ ನಮ್ಮ ವಿರುದ್ಧ ನಿಂತವು. ವೀಟೊ ಹಾಕಿ ಕಾಪಾಡಿದ್ದು ಸೋವಿಯತ್. ಅಮೆರಿಕ, ಬ್ರಿಟನ್‌ಗೆ ಅದು ದಾಳಿ, ನಮಗೆ ಸ್ವಾತಂತ್ರ್ಯ ಹೋರಾಟದ ಬಾಕಿ ಕೆಲಸ. ಬ್ರಿಟಿಷರನ್ನು ಓಡಿಸಿದವರು ಅಂತ ನಮ್ಮನ್ನು ನಾವು ನೋಡಿಕೊಂಡ ರೀತಿಗೆ ಒಪ್ಪುವವರು ಸ್ನೇಹಿತರಾದರು. ಬರೀ ರೂಪಾಯಿಯಿಂದ ಅಷ್ಟು ಗಟ್ಟಿ ನಂಟು ಬೆಳೆಯುತ್ತಿರಲಿಲ್ಲ.

"ಹಾಗಾದ್ರೆ 1968ರಲ್ಲಿ?" ಅಂದಳು. ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ನುಗ್ಗಿದಾಗ ಭದ್ರತಾ ಮಂಡಳಿಯಲ್ಲಿ ನಾವು ಯಾರ ಪರವೂ ಮತ ಹಾಕದೆ ಸುಮ್ನೆ ಕೂತಿದ್ದೆವು. ಪರರ ಆಳ್ವಿಕೆ ಬೇಡ ಅಂತ ಹೋರಾಡಿದವರಿಗೆ ಅದು ಚೆಂದ ಕಾಣುತ್ತಾ? (ಪಾಠದಲ್ಲಿ ಇದನ್ನು ನಾನು ಹೇಳಿದ ನೆನಪಿಲ್ಲ.)

ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಇದೆ, ಅದೂ ಸೋವಿಯತ್ ಮಾಲೇ. ಎರಡನ್ನೂ ನೋಡಿ. ನಡು ಮಧ್ಯಾಹ್ನ ಮಾತ್ರ ಬೇಡ, ಕಬ್ಬಿಣ ದೋಸೆ ಕಾವಲಿಯಂತೆ ಕಾದಿರುತ್ತದೆ. ಮಕ್ಕಳಿಗಂತೂ ಒಳಗೆ ಓಡಾಡೋದೇ ಖುಷಿ. ನನ್ನಿಂದ ಐದಕ್ಕೆ ಐದು.

ಆಚೆ ಬಂದು ಮುರುಗಲ ಪಾನಕ ಕುಡಿದೆವು. ದುಡ್ಡು ನಾನೇ ಕೊಟ್ಟೆ, ಸೋತವನು ನಾನು.