ಪಾಲಾದ ಮೇಲೆ ಬಂದ ಎರಡು ಆಲ್ಬಮ್: ‘ಡೇರ್’ ಮತ್ತು ‘ಪೆಂಟ್‌ಹೌಸ್ ಅಂಡ್ ಪೇವ್‌ಮೆಂಟ್’

ಹ್ಯೂಮನ್ ಲೀಗ್ ಎಂಬ ಪಾಪ್ ತಂಡದ ‘ಡೇರ್’ ಆಲ್ಬಮ್ ನನ್ನ ಕಿವಿಗೆ ಮೊದಲು ಬಿದ್ದದ್ದು ಅಣ್ಣನ ಕ್ಯಾಸೆಟ್ಟಿನಿಂದ. ಆಗ ನನಗೆ ಬೇಕಾಗಿದ್ದದ್ದು ಕೊನೆಯ ಹಾಡು ‘ಡೋಂಟ್ ಯು ವಾಂಟ್ ಮಿ’ ಒಂದೇ. ಉಳಿದದ್ದನ್ನೆಲ್ಲ ಫಾರ್ವರ್ಡ್ ಒತ್ತಿ ಓಡಿಸಿಬಿಡುತ್ತಿದ್ದೆ. ಈಚೆಗೆ ಎರಡು ವಾರ ಪಟ್ಟು ಹಿಡಿದು ಕೂತು, ಅದನ್ನೂ ಅದರ ದಾಯಾದಿಯಾದ ಹೆವನ್ ಸೆವೆಂಟೀನ್ ತಂಡದ ‘ಪೆಂಟ್‌ಹೌಸ್ ಅಂಡ್ ಪೇವ್‌ಮೆಂಟ್’ ಆಲ್ಬಮ್ಮನ್ನೂ ಒಂದು ದಿನ ಅದು, ಒಂದು ದಿನ ಇದು ಎಂದು ಪೂರ್ತಿ ಕೇಳಿದೆ. ಹೆಡ್‌ಫೋನಿನಲ್ಲಿ, ಹಾಲಿನ ಸ್ಪೀಕರಿನಲ್ಲಿ, ಕಾರಿನಲ್ಲಿ.

ದಾಯಾದಿ ಎಂದದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್‌ನಲ್ಲಿ 1980ರ ಕೊನೆಗೆ ಹ್ಯೂಮನ್ ಲೀಗ್ ಒಡೆದು ಎರಡಾಯಿತು. ಸಿಂಥಸೈಜರ್ ಎಂಬ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ ಬಲ್ಲ ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಷ್ ಹೊರಬಿದ್ದು, ಗ್ಲೆನ್ ಗ್ರೆಗರಿಯನ್ನು ಗಾಯಕನನ್ನಾಗಿ ಕರೆದುಕೊಂಡು ಹೆವನ್ ಸೆವೆಂಟೀನ್ ಕಟ್ಟಿದರು. ಹಿಂದೆ ಹ್ಯೂಮನ್ ಲೀಗ್‌ಗೂ ಅವರು ಮೊದಲು ಬಯಸಿದ್ದು ಗ್ರೆಗರಿಯನ್ನೇ. ಆಗ ಅವನು ಸಿಗದೆ ಫಿಲಿಪ್ ಓಕಿ ಬಂದಿದ್ದ. ಈಗ ಓಕಿಯ ಪಾಲಿಗೆ ಬಂದದ್ದು ತಂಡದ ಹೆಸರು, ಮತ್ತು ವೇದಿಕೆಯ ಹಿಂದೆ ಸ್ಲೈಡ್ ತೋರಿಸುತ್ತಿದ್ದ ಏಡ್ರಿಯನ್ ರೈಟ್. ವಾದ್ಯ ಬಲ್ಲವರೆಲ್ಲ ಆಚೆ ಮನೆಯಲ್ಲಿ. ಓಕಿ ಹೋಗಿ ನೈಟ್‌ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಜೋಆನ್ ಕ್ಯಾಥರಾಲ್, ಸೂಸನ್ ಆ್ಯನ್ ಸಲಿ ಎಂಬ ಇಬ್ಬರು ಶಾಲಾ ಹುಡುಗಿಯರನ್ನು ಕರೆತಂದ. ಒಬ್ಬಳಿಗೆ 18, ಇನ್ನೊಬ್ಬಳಿಗೆ 17. ಕೆಲಕಾಲ ಎರಡೂ ತಂಡಗಳು ಒಂದೇ ಸ್ಟುಡಿಯೊದಲ್ಲಿ ಪಾಳಿಯ ಮೇಲೆ ಕೆಲಸ ಮಾಡಿದವು. 1981ರ ಸೆಪ್ಟೆಂಬರಿನಲ್ಲಿ ಹೆವನ್ ಸೆವೆಂಟೀನ್‌ನ ಆಲ್ಬಮ್, ಅಕ್ಟೋಬರಿನಲ್ಲಿ ‘ಡೇರ್’. ಎರಡನ್ನೂ ಹೊರತಂದದ್ದು ವರ್ಜಿನ್ ಕಂಪನಿಯೇ.

ಕಾರಿನಲ್ಲಿ ಗೆದ್ದದ್ದು ಹೆವನ್ ಸೆವೆಂಟೀನ್, ಅದರಲ್ಲಿ ಅನುಮಾನವೇ ಇಲ್ಲ. ‘ಪೇವ್‌ಮೆಂಟ್’ ಎಂದು ಹೆಸರಿಟ್ಟ ಮೊದಲ ಬದಿಯಲ್ಲಿ ಯಂತ್ರಗಳ ನಡುವೆ ಜಾನ್ ವಿಲ್ಸನ್ ಎಂಬ ಹದಿಹರೆಯದ ಹುಡುಗನ ಬಾಸ್ ಗಿಟಾರ್ ಇದೆ. ಬಿಬಿಸಿ ನಿಷೇಧಿಸಿದ್ದ ‘ಫ್ಯಾಸಿಸ್ಟ್ ಗ್ರೂವ್ ಥ್ಯಾಂಗ್’ ಹಾಡಿನ ನಡುವೆ ಆ ಬಾಸ್ ಒಬ್ಬಂಟಿಯಾಗಿ ಎದ್ದು ಕುಣಿಯುವಾಗ ಸ್ಟಿಯರಿಂಗ್ ಮೇಲಿನ ಬೆರಳು ಸುಮ್ಮನಿರುವುದಿಲ್ಲ. ಆದರೆ ‘ಪೆಂಟ್‌ಹೌಸ್’ ಬದಿಗೆ ಬಂದರೆ ವಿಲ್ಸನ್ ಹಿಂದೆ ಸರಿಯುತ್ತಾನೆ, ಸಿಂಥಸೈಜರ್ ಮುಂದೆ ಬರುತ್ತದೆ, ಹಾಡುಗಳ ಬಿಗಿ ಸಡಿಲವಾಗುತ್ತದೆ. ‘ಲೆಟ್ಸ್ ಆಲ್ ಮೇಕ್ ಎ ಬಾಂಬ್’ ಒಂದು ನನಗೆ ಇಷ್ಟ. ಉಳಿದವು ಐದನೆಯ ಸಲ ಕೇಳಿದಾಗಲೂ ನೆನಪಿನಲ್ಲಿ ನಿಲ್ಲಲಿಲ್ಲ.

ಹೆಡ್‌ಫೋನ್ ಹಾಕಿದೊಡನೆ ಲೆಕ್ಕ ತಿರುಗಿತು. ‘ಡೇರ್’ನಲ್ಲಿ ಗಿಟಾರ್ ಇಲ್ಲ, ಮನುಷ್ಯ ಬಾರಿಸಿದ ಡ್ರಮ್ ಇಲ್ಲ. ನಿರ್ಮಾಪಕ ಮಾರ್ಟಿನ್ ರಶೆಂಟ್ ಬಳಸಿದ ಲಿನ್ ಎಲ್‌ಎಂ-1 ಯಂತ್ರ ನಿಜವಾದ ಡ್ರಮ್ಮಿನ ಸದ್ದನ್ನೇ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ತುಂಬಿಕೊಂಡಿತ್ತು. ಆದರೆ ಅದರಲ್ಲಿ ದೊಡ್ಡ ತಾಳವಾದ ಕ್ರ್ಯಾಶ್ ಸಿಂಬಲ್ ಇರಲಿಲ್ಲ. ಸಿಂಥಸೈಜರಿನ ಸ್ವರಗಳನ್ನು ಅವನ್ನು ನೆನಪಿಟ್ಟು ತಾನೇ ನುಡಿಸುವ ರೋಲೆಂಡ್ ಎಂಸಿ-8 ಯಂತ್ರಕ್ಕೆ ಅಂಕಿಗಳಾಗಿ ಒಂದೊಂದೇ ಉಣಿಸಬೇಕಿತ್ತು. ಅಷ್ಟು ಶ್ರಮಪಟ್ಟು ಇಟ್ಟ ಸ್ವರಗಳಾದ್ದರಿಂದಲೋ ಏನೋ, ಒಂದೂ ಹೆಚ್ಚಿಲ್ಲ. ಸದ್ದು ಸದ್ದಿನ ನಡುವೆ ಗುಡಿಸಿಟ್ಟ ಅಂಗಳದಂಥ ಖಾಲಿ ಜಾಗ. ‘ಸೆಕೆಂಡ್ಸ್’ನಲ್ಲಿ, 1963ರ ಕೆನಡಿ ಹತ್ಯೆಯ ಆ ಕ್ಷಣಗಳ ಹಾಡಿನಲ್ಲಿ, ಆ ಖಾಲಿತನ ಮೈ ಜುಮ್ಮೆನಿಸುತ್ತದೆ. ‘ಡು ಆರ್ ಡೈ’ ಮಾತ್ರ ಉದ್ದವಾಯಿತು. ಮೂರು ನಿಮಿಷಕ್ಕೆ ಮುಗಿಸಬಹುದಿತ್ತು.

ಗಾಯನದಲ್ಲಿ ಗ್ರೆಗರಿ ಓಕಿಗಿಂತ ನುರಿತವನು. ಆದರೂ ನನಗೆ ಹತ್ತಿರವಾದದ್ದು ‘ಡೇರ್’, ಅದಕ್ಕೆ ಕಾರಣ ಆ ಇಬ್ಬರು ಹುಡುಗಿಯರು. ‘ಡೋಂಟ್ ಯು ವಾಂಟ್ ಮಿ’ಯಲ್ಲಿ ಮೊದಲು ಓಕಿ, ನಿನ್ನನ್ನು ಈ ಮಟ್ಟಕ್ಕೆ ತಂದವನು ನಾನು ಎಂದು ಹಂಗಿಸುತ್ತಾನೆ. ಎರಡನೆಯ ಚರಣದಲ್ಲಿ ಸೂಸನ್ ಬಾಯಿ ತೆರೆಯುತ್ತಾಳೆ. ಪಳಗದ ದನಿ, ಅಲಂಕಾರವಿಲ್ಲ, ಬಸ್‌ಸ್ಟಾಪಿನಲ್ಲಿ ನಿಂತು ಹೇಳಿದ ಹಾಗೆ. ನುರಿತ ಗಾಯಕಿ ಹಾಡಿದ್ದರೆ ಅದು ಅಭಿನಯವಾಗುತ್ತಿತ್ತು. ಇವಳು ಹೇಳಿದರೆ ನಂಬುತ್ತೇನೆ, ಇವಳು ನಿಜಕ್ಕೂ ಬಿಟ್ಟು ಹೋಗುತ್ತಾಳೆ. ಆ ಹಾಡು ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ ಬರುವುದು ಓಕಿಗೇ ಬೇಡವಾಗಿತ್ತು. ಕಂಪನಿ ಕೇಳಲಿಲ್ಲ. 1981ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ, ಮರುವರ್ಷ ಜುಲೈಯಲ್ಲಿ ಅಮೆರಿಕದಲ್ಲಿ ಅದು ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ರಶೆಂಟ್ ‘ಡೇರ್’ ಹಾಡುಗಳನ್ನೇ ಕತ್ತರಿಸಿ ಜೋಡಿಸಿದ 1982ರ ‘ಲವ್ ಅಂಡ್ ಡ್ಯಾನ್ಸಿಂಗ್’ ಕೂಡ ಒಂದು ಸಂಜೆ ಕೇಳಿದೆ. ಕೈಚಳಕ ದೊಡ್ಡದು. ದನಿಗಳು ಬಹುಪಾಲು ಹೋಗಿರುವುದರಿಂದ ನನಗೆ ಬೇಕಾದದ್ದು ಅಲ್ಲಿ ಸಿಗಲಿಲ್ಲ.

ಹೊಸದಾಗಿ ಕೇಳುವವರು ‘ಡೇರ್’ನಿಂದ ಶುರುಮಾಡಿ, ರಾತ್ರಿ, ಹೆಡ್‌ಫೋನಿನಲ್ಲಿ, ‘ಗೆಟ್ ಕಾರ್ಟರ್’ ಎಂಬ ಒಂದು ನಿಮಿಷದ ತುಣುಕಿನಿಂದ ಎರಡನೆಯ ಬದಿ ಪೂರ್ತಿ, ನಡುವೆ ನಿಲ್ಲಿಸದೆ. ಬೆಳಗ್ಗೆ ಕಾರಿನಲ್ಲಿ ‘ಪೇವ್‌ಮೆಂಟ್’ ಬದಿಯ ನಾಲ್ಕು ಹಾಡು ಹಾಕಿ.