ಟೂರ್ ಚೆನ್ನಾಗಿತ್ತು, ಆದ್ರೆ ಆ ಸ್ಮಶಾನಕ್ಕೆ ಬರೀ ಮುಕ್ಕಾಲು ಗಂಟೆನಾ?

ದಾವಣಗೆರೆಯ ಒಂದು ಟ್ರಾವೆಲ್ಸ್‌ನವರ ಜೊತೆ ಅಪ್ಪ, ಅಮ್ಮ, ನಾನು ಫ್ರಾನ್ಸ್‌ಗೆ ಹೋಗಿ ಬಂದೆವು. ವೀಸಾ, ಹೋಟೆಲ್ ಬಗ್ಗೆ ತಕರಾರಿಲ್ಲ. ಅನ್ನ ಸಾರು ಸಿಕ್ಕಿದ್ದರಿಂದ ಅಮ್ಮನ ಮಂಡಕ್ಕಿ ಡಬ್ಬ ಅರ್ಧ ಹಾಗೇ ವಾಪಸ್ ಬಂತು.

ಬೇಜಾರಾಗಿದ್ದು ನಾರ್ಮಂಡಿಯಲ್ಲಿ. ಕೊಲ್‌ವಿಲ್ ಅನ್ನೋ ಕಡಲ ದಂಡೆಯ ಹಳ್ಳಿ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಅಮೆರಿಕದ ಸೈನಿಕರು ಇಳಿದ ಒಮಾಹಾ ಬೀಚ್ ಕೆಳಗೇ ಕಾಣುತ್ತದೆ. ಎರಡೇ ದಿನಕ್ಕೆ ಹತ್ತಿರದಲ್ಲಿ ಸತ್ತ ಸೈನಿಕರಿಗಾಗಿ ತಾತ್ಕಾಲಿಕ ಸ್ಮಶಾನ ಶುರುವಾಯಿತಂತೆ. ಈಗಿರೋದು 172 ಎಕರೆ, 9,300ಕ್ಕೂ ಜಾಸ್ತಿ ಸಮಾಧಿ, ಎಲ್ಲ ಬಿಳಿ ಅಮೃತಶಿಲೆ, ಎಲ್ಲದರ ಮುಖ ಪಶ್ಚಿಮಕ್ಕೆ, ಅಂದರೆ ಅವರ ಊರಿನ ಕಡೆಗೆ. ಶವ ಸಿಗದ 1,557 ಜನರ ಹೆಸರು ಗೋಡೆ ಮೇಲಿದೆ. ಅಲ್ಲಿನ ಸಿಬ್ಬಂದಿಯೊಬ್ಬರು ಒಂದು ಕಲ್ಲಿನ ಅಕ್ಷರಗಳಿಗೆ ಬೀಚಿನ ಒದ್ದೆ ಮರಳು ತಿಕ್ಕಿ ಒರೆಸಿದರು, ಹೆಸರು ಬಂಗಾರದ ಬಣ್ಣದಲ್ಲಿ ಎದ್ದು ಬಂತು. ಅಪ್ಪ ಚಪ್ಪಲಿ ಬಿಟ್ಟು ನಿಂತಿದ್ದರು. ಅಷ್ಟರಲ್ಲಿ ನಮ್ಮ ಗೈಡ್ ಸೀಟಿ ಊದಿದ, ಸಮಾಧಿಗಳ ಮಧ್ಯೆ!

ಪ್ರವೇಶ ಉಚಿತ, ಅವಸರ ಯಾಕೆ ಅಂದ್ರೆ ಶಾಪಿಂಗ್ ಅಂತೆ. ಬುಕ್ ಮಾಡೋರು ಅಲ್ಲಿಗೆ ಅರ್ಧ ದಿನ ಕೇಳಿ ಬರೆಸಿಕೊಳ್ಳಿ. ಐದಕ್ಕೆ ಮೂರು ಸ್ಟಾರ್.